ಖಳನಿಗೂ ಒಂದು ಅರ್ಥ ಬೇಕು

ಪ್ರಶ್ನೆ: ನಾನು ಶಿರಸಿ ಹತ್ತಿರದ ಹಳ್ಳಿಯವ. ಮೊದಲ ಕಾದಂಬರಿ ಬರೆಯುತ್ತಿದ್ದೇನೆ. ಬೆಳೆಗಾರರ ತೋಟ ನುಂಗುವ ಅಡಿಕೆ ದಲಾಲಿಯೇ ಖಳನಾಯಕ. ಓದಿದ ಗೆಳೆಯರು 'ಇವ ಬಂದ್ರೆ ಬೋರು' ಅನ್ನುತ್ತಾರೆ. ಅವನಿಗೆ ಕಷ್ಟದ ಬಾಲ್ಯ ಕೊಟ್ಟರೆ ಸರಿಹೋಗುತ್ತದಾ?

ಉತ್ತರ: ಬಾಲ್ಯ ಸದ್ಯಕ್ಕೆ ಬಿಡಿ. ನೀವು ಕಳಿಸಿದ ಅಧ್ಯಾಯದಲ್ಲಿ ಅವ ಮೂರು ಸಲ ಮೀಸೆ ತಿರುವುತ್ತಾನೆ, ಎರಡು ಸಲ ಗಹಗಹಿಸುತ್ತಾನೆ. ಅವನಿಗೆ ಏನು ಬೇಕು ಅಂತ ಮಾತ್ರ ಗೊತ್ತಾಗಲಿಲ್ಲ.

ನಿಮ್ಮ ಕಡೆ ಮಳೆಗಾಲದಲ್ಲಿ ತಾಳಮದ್ದಲೆ ನಡೆಯುತ್ತದಲ್ವಾ? ಯಕ್ಷಗಾನದ್ದೇ ಪ್ರಸಂಗ, ಆದರೆ ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಕೂತು ಪಾತ್ರದ ಮಾತು ಹೇಳುತ್ತಾರೆ. ಆ ಮಾತೇ 'ಅರ್ಥ', ಹೇಳುವವ ಅರ್ಥಧಾರಿ. ಸಂಧಾನಕ್ಕೆ ಬಂದ ಕೃಷ್ಣನೆದುರು ಕೌರವನ ಅರ್ಥಧಾರಿ 'ನಾನು ದುಷ್ಟ' ಅನ್ನುವುದಿಲ್ಲ. 'ಹಿರಿಯವ ನನ್ನಪ್ಪ. ಕಣ್ಣಿಲ್ಲ ಅಂತ ಪಟ್ಟ ತಮ್ಮನ ಪಾಲಾಯಿತು. ಹಿರಿಯನ ಮಗ ನಾನು ಕೇಳಿದರೆ ತಪ್ಪಾ?' ಎಂಬ ದಾರಿ ಹಿಡಿಯಬಹುದು. ಕೃಷ್ಣ ಸ್ವಲ್ಪ ಮೈಮರೆತರೆ ಸಭೆಯೇ ಕೌರವನ ಕಡೆ ವಾಲುತ್ತದೆ. ನಿಮ್ಮ ದಲಾಲಿಯನ್ನೂ ಹಾಗೆ ಕೂರಿಸಿ. ಅವನ ಅರ್ಥ ನೀವೇ ಹೇಳಿ, ಜೋರಾಗಿ. ಹತ್ತು ನಿಮಿಷಕ್ಕೆ ಮಾತು ಸಾಲದಿದ್ದರೆ ಪಾತ್ರ ಇನ್ನೂ ಹುಟ್ಟಿಲ್ಲ.

2012ರಲ್ಲಿ ಪದ್ಮಶ್ರೀ ಪಡೆದ ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಜಾಸ್ತಿ ಹೆಸರು ಮಾಡಿದ್ದು ಯಾವ ಪಾತ್ರಗಳಲ್ಲಿ? ಕೀಚಕ, ಭಸ್ಮಾಸುರ, ದುಷ್ಟಬುದ್ಧಿ. ಇವರಲ್ಲಿ ಚಂದ್ರಹಾಸನ ಕಥೆಯ ಮಂತ್ರಿ ದುಷ್ಟಬುದ್ಧಿಯನ್ನು ನೋಡಿ. ಅವನದು ಮನೆಯೊಳಗಿನ ಭಯ. ಬೀದಿಯಲ್ಲಿ ಬೆಳೆದ ಅನಾಥ ಹುಡುಗ ಚಂದ್ರಹಾಸ ರಾಜ್ಯ ಆಳುತ್ತಾನಂತೆ. ಹಾಗಾದರೆ ತನ್ನ ಮಗ ಮದನನ ಗತಿ? ಅದಕ್ಕೇ ಚಂದ್ರಹಾಸನ ಕೈಯಲ್ಲೇ ಮದನನಿಗೆ ಪತ್ರ ಕೊಟ್ಟು ಕಳಿಸುತ್ತಾನೆ, ಇವನಿಗೆ ವಿಷ ಕೊಡು ಅಂತ. ಮಗಳು ತಿದ್ದುತ್ತಾಳೆ. 'ವಿಷವ' ಹೋಗಿ 'ವಿಷಯೆ' ಆಗುತ್ತದೆ, ಅವಳದೇ ಹೆಸರು. ಮಂತ್ರಿ ಊರಿಗೆ ಬಂದರೆ ಮನೆಯಲ್ಲಿ ಮದುವೆ ಮುಗಿದಿದೆ! ಮಗ ಖುಷಿಯಲ್ಲಿ ಪತ್ರ ತೋರಿಸುತ್ತಾನೆ: ಅಪ್ಪಯ್ಯ, ನೀವೇ ಬರೆದದ್ದಲ್ವಾ? ತಾನು ಬರೆದದ್ದು ಬೇರೆ ಅಂತ ಬಾಯಿಬಿಡುವ ಹಾಗಿಲ್ಲ. ಅಳುವ ಹಾಗೂ ಇಲ್ಲ. ಆಮೇಲೂ ಅವ ನಿಲ್ಲುವುದಿಲ್ಲ. ಅಳಿಯನನ್ನು ಕೊಲ್ಲಿಸಲು ಕಾಳಿ ಗುಡಿಗೆ ಕಳಿಸಿದರೆ, ಹೋಗಿ ಸಾಯುವವ ಮದನ. ಯಾರಿಗಾಗಿ ಇಷ್ಟೆಲ್ಲ ಮಾಡಿದನೋ ಅವನೇ. ಆ ಹೊತ್ತಿಗೆ ನನಗಂತೂ ಚಂದ್ರಹಾಸನ ನೆನಪೇ ಇರುವುದಿಲ್ಲ.

ಈಗ ನಿಮ್ಮ ದಲಾಲಿ. ಮಳೆ ಬಿಟ್ಟಿಲ್ಲ. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸಲು ದುಡ್ಡಿಲ್ಲದ ಬೆಳೆಗಾರ ಅಂಗಡಿ ಮೆಟ್ಟಿಲ ಮೇಲೆ ಕೊಡೆ ಮಡಚುತ್ತಿದ್ದಾನೆ. ದಲಾಲಿ ಮುಂಗಡ ಕೊಡಲಿ, ಚಾ ತರಿಸಲಿ, ಮಗಳ ಓದು ವಿಚಾರಿಸಲಿ. ಸುಮ್ನೆ ನಾಟಕ ಬೇಡ, ನಿಜವಾಗಿಯೂ ವಿಚಾರಿಸಲಿ. ಸುಗ್ಗಿಯಾದ ಮೇಲೆ ಅದೇ ಮನುಷ್ಯ ಚೀಲಕ್ಕೆ ಕೈಹಾಕಿ ಒಂದು ಚಾಲಿ (ಒಣಗಿಸಿ ಸುಲಿದ ಅಡಿಕೆ) ತೆಗೆದು, ಅಡಕತ್ತರಿಯಲ್ಲಿ ಹೋಳು ಮಾಡಿ ಬೆಳಕಿಗೆ ಹಿಡಿಯುತ್ತಾನೆ. 'ಒಳಗೆ ಕಪ್ಪಾಗಿದೆ ಹೆಗಡೇರೇ' ಅನ್ನುತ್ತಾನೆ. ದನಿ ಏರಿಸುವುದೇ ಇಲ್ಲ. ದರ ಇಳಿಯುತ್ತದೆ, ಸಾಲ ಉಳಿಯುತ್ತದೆ. ರಾತ್ರಿ ಹೆಂಡತಿ ಕೇಳಿದರೆ ಅವನಲ್ಲಿ ಉತ್ತರ ಸಿದ್ಧ: 'ಯಾರೂ ಕೊಡದಿದ್ದಾಗ ಕೊಟ್ಟವ ನಾನು.' ಓದುಗನಿಗೆ ಅರೆಕ್ಷಣ ಹೌದಲ್ಲ ಅನ್ನಿಸಬೇಕು. ಹೆದರಿಕೆ ಹುಟ್ಟುವುದು ಅಲ್ಲಿಂದ.

ಇಷ್ಟಾದ ಮೇಲೂ ಬಾಲ್ಯ ಬೇಕೆನಿಸಿದರೆ ಎಲ್ಲಾದರೂ ಒಂದು ಸಾಲು ಹಾಕಿ. ಗಹಗಹಿಸುವುದನ್ನು ಪೂರ್ತಿ ತೆಗೆಯಿರಿ. ಮೀಸೆ ಒಂದು ಸಲ ಇರಲಿ, ಆ ಸಾಲು ಚೆನ್ನಾಗಿದೆ.