ಮಿರಾ ಆ್ಯಂಡ್ರೀವಾ ಹತ್ತಿರ ದೊಡ್ಡ ಹೊಡೆತ ಇಲ್ಲ ಅನ್ನುವುದು ನಿಜವಾ?

ನಿಮ್ಮ ಪ್ರಶ್ನೆ ಓದಿದೆ. ರಷ್ಯಾದ ಟೆನಿಸ್ ಆಟಗಾರ್ತಿ ಆ್ಯಂಡ್ರೀವಾಗೆ ಬಂದ ಚೆಂಡನ್ನು ವಾಪಸ್ ಕಳಿಸುವುದಷ್ಟೇ ಗೊತ್ತು, ಪಾಯಿಂಟ್ ಮುಗಿಸುವ ಹೊಡೆತ ಇಲ್ಲ, ಮೇಲಿಂದ ಸಿಟ್ಟು ಬೇರೆ, ಇಂಥವಳು ಗ್ರ್ಯಾಂಡ್‌ಸ್ಲಾಮ್ (ವರ್ಷದ ನಾಲ್ಕು ದೊಡ್ಡ ಟೂರ್ನಿಗಳಲ್ಲಿ ಒಂದು) ಗೆಲ್ಲುತ್ತಾಳಾ ಅಂತ ಕೇಳಿದ್ದೀರಿ. 2023ರಿಂದ ಅವಳ ಆಟವನ್ನು ಬಿಡದೆ ನೋಡುತ್ತಿದ್ದೇನೆ. 2025ರ ಕೊನೆಯವರೆಗೆ ನೋಡಿದ್ದರಲ್ಲಿ ನನಗೆ ಅನಿಸಿದ್ದನ್ನು ಹೇಳುತ್ತೇನೆ.

ಗೆಲ್ಲುತ್ತಾಳೆ ಅಂತ ನನಗೆ ಗಟ್ಟಿ ನಂಬಿಕೆ ಇದೆ. ಅದಕ್ಕೆ ಮೊದಲು ಒಂದು ವಿಷಯ ಸರಿಹೋಗಬೇಕು. ಎಲ್ಲರೂ ಅವಳ ಸಿಟ್ಟಿನ ಬಗ್ಗೆ ಮಾತಾಡುತ್ತಾರೆ. ನನ್ನ ಕಣ್ಣು ಹೋಗುವುದು ಅವಳ ಫೋರ್‌ಹ್ಯಾಂಡ್ ಮೇಲೆ, ಅಂದರೆ ಬಲಗಡೆ ಬಂದ ಚೆಂಡಿಗೆ ಆಡುವ ಹೊಡೆತದ ಮೇಲೆ.

ಅವಳನ್ನು ನಾನು ಮೊದಲು ನೋಡಿದ್ದು 2023ರ ಮ್ಯಾಡ್ರಿಡ್ ಟೂರ್ನಿಯಲ್ಲಿ. ವೈಲ್ಡ್‌ಕಾರ್ಡ್ (ರ್‍ಯಾಂಕ್ ಸಾಲದಿದ್ದರೂ ಆಯೋಜಕರು ಕೊಡುವ ವಿಶೇಷ ಪ್ರವೇಶ) ಮೇಲೆ ಬಂದಿದ್ದ 15 ವರ್ಷದ ಹುಡುಗಿ. ಲೇಲಾ ಫರ್ನಾಂಡಿಸ್ ಸೋತಳು, ಬಿಯಾಟ್ರಿಜ್ ಹದ್ದಾದ್ ಮಾಯಾ ಸೋತಳು. ಟೂರ್ನಿ ನಡೆಯುತ್ತಿರುವಾಗಲೇ, ಏಪ್ರಿಲ್ 29ಕ್ಕೆ, ಇವಳಿಗೆ 16 ತುಂಬಿತು. ಆ ಗೆಲುವುಗಳಿಗಿಂತ ಜಾಸ್ತಿ ನನಗೆ ನೆನಪಿರುವುದು ಅವಳು ಕೋರ್ಟ್‌ನಲ್ಲಿ ಓಡಾಡುವ ರೀತಿ. ಎದುರಿನವಳ ರಾಕೆಟ್‌ಗೆ ಚೆಂಡು ತಾಗುವ ಹೊತ್ತಿಗೆ ಇವಳ ಕಾಲು ಆಗಲೇ ಆ ಕಡೆ ಹೊರಟಿರುತ್ತಿತ್ತು. ಕಷ್ಟದ ಚೆಂಡೂ ಸಲೀಸಾಗಿ ಸಿಕ್ಕಂತೆ ಕಾಣುತ್ತಿತ್ತು. ವೇಗವಾಗಿ ಓಡುವವರು ಬೇಕಾದಷ್ಟು ಜನ ಇದ್ದಾರೆ. ಎಲ್ಲಿಗೆ ಓಡಬೇಕು ಅಂತ ಅಷ್ಟು ಬೇಗ ಗೊತ್ತಾಗುವುದು ಕೆಲವರಿಗೆ ಮಾತ್ರ. ಅವಳ ಮೊದಲ ಬಲ ಇದು, ಇದನ್ನು ಯಾವ ಕೋಚ್ ಕೂಡ ಪೂರ್ತಿ ಕಲಿಸಲಾರರು.

ಎರಡನೆಯದು ಬ್ಯಾಕ್‌ಹ್ಯಾಂಡ್. ಎಡಗಡೆ ಬಂದ ಚೆಂಡಿಗೆ ರಾಕೆಟ್ ಎರಡೂ ಕೈಯಲ್ಲಿ ಹಿಡಿದು ಆಡುವ ಹೊಡೆತ. ರಾಕೆಟ್ ಹಿಂದಕ್ಕೆ ಹೋಗುವುದು ಕಡಿಮೆ, ಮೊಣಕಾಲು ಚೆನ್ನಾಗಿ ಬಗ್ಗುತ್ತದೆ, ಚೆಂಡು ಮೇಲೇಳುತ್ತಿರುವಾಗಲೇ ಹಿಡಿಯುತ್ತಾಳೆ. ಕ್ರಾಸ್‌ಕೋರ್ಟ್‌ನಲ್ಲಿ, ಅಂದರೆ ಓರೆಯಾಗಿ, ನಾಲ್ಕೈದು ಚೆಂಡು ಆಡಿ, ಬೀಸು ಬದಲಿಸದೆ, ಇದ್ದಕ್ಕಿದ್ದಂತೆ ಒಂದನ್ನು ನೇರ ಲೈನ್ ಪಕ್ಕ ಕಳಿಸುತ್ತಾಳೆ. ಎದುರಿನವಳು ಎಷ್ಟು ಜೋರಾಗಿ ಹೊಡೆದರೆ ಆ ಹೊಡೆತ ಅಷ್ಟು ಚೆನ್ನಾಗಿ ಬರುತ್ತದೆ. ಯಾಕೆಂದರೆ ವೇಗ ಎದುರಿನವಳದ್ದು, ದಿಕ್ಕು ಮಾತ್ರ ಇವಳದ್ದು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಕೊರತೆಯ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

2024ರ ಫ್ರೆಂಚ್ ಓಪನ್ ಕ್ವಾರ್ಟರ್‌ಫೈನಲ್‌ನಲ್ಲಿ ಜೋರು ಹೊಡೆತಕ್ಕೆ ಹೆಸರಾದ ಅರಿನಾ ಸಬಲೆಂಕಾಳನ್ನು 6-7, 6-4, 6-4ರಿಂದ ಸೋಲಿಸಿದಳಲ್ಲ, ಆ ದಿನ ಸಬಲೆಂಕಾಗೆ ಮೈ ಹುಷಾರಿರಲಿಲ್ಲ ನಿಜ. ಆದರೂ ಮೊದಲ ಸೆಟ್ ಟೈಬ್ರೇಕ್‌ನಲ್ಲಿ (6-6 ಆದಾಗ ಸೆಟ್ ತೀರ್ಮಾನಿಸುವ ಗೇಮ್) ಕಳೆದುಕೊಂಡ ಮೇಲೆ, 17 ವರ್ಷದ ಹುಡುಗಿ ಅಷ್ಟು ತಣ್ಣಗೆ ಆಡಿದ್ದು ಸಣ್ಣ ಮಾತಲ್ಲ. 1997ರ ಯುಎಸ್ ಓಪನ್‌ನಲ್ಲಿ ಮಾರ್ಟಿನಾ ಹಿಂಗಿಸ್ ಆಡಿದ ಮೇಲೆ ಅಷ್ಟು ಚಿಕ್ಕ ವಯಸ್ಸಿನವರು ಯಾರೂ ಮಹಿಳಾ ಗ್ರ್ಯಾಂಡ್‌ಸ್ಲಾಮ್ ಸೆಮಿಫೈನಲ್‌ಗೆ ಬಂದಿರಲಿಲ್ಲ. ಪಂದ್ಯ ಮುಗಿದ ಮೇಲೆ ಅವಳು ಹೇಳಿದ ಒಂದು ಮಾತು ನನಗೆ ತುಂಬಾ ಇಷ್ಟ. ಕೋಚ್ ಜೊತೆ ಕೂತು ಯೋಜನೆ ಮಾಡಿದ್ದೆವು, ಆಡುವಾಗ ಅದು ನೆನಪೇ ಆಗಲಿಲ್ಲ, ಅನಿಸಿದ ಹಾಗೆ ಆಡಿದೆ ಅಂದಳು. ಆಟ ಕಣ್ಣಿಗೆ ಕಾಣುವವರು ಮಾತ್ರ ಹಾಗೆ ಹೇಳಬಲ್ಲರು.

ಆ ಕೋಚ್ 1994ರ ವಿಂಬಲ್ಡನ್ ಚಾಂಪಿಯನ್ ಕೊಂಚಿತಾ ಮಾರ್ಟಿನೆಜ್. ತಾವು ಆಡುವಾಗ ಸ್ಪಿನ್ ಬದಲಿಸಿ, ಎತ್ತರ ಬದಲಿಸಿ ಎದುರಾಳಿಯ ತಲೆ ಕೆಡಿಸುತ್ತಿದ್ದವರು. ಜೋಡಿ ಚೆನ್ನಾಗಿ ಕೂಡಿದೆ. ಡ್ರಾಪ್ ಶಾಟ್ (ನೆಟ್ ದಾಟಿ ಅಲ್ಲೇ ಬೀಳುವ ಚೆಂಡು), ಸ್ಲೈಸ್ (ಕೊಯ್ದಂತೆ ಹೊಡೆದು ಕೆಳಗೇ ಉಳಿಸುವ ಚೆಂಡು), ಲಾಬ್ (ಎದುರಾಳಿಯ ತಲೆ ಮೇಲಿಂದ ಎತ್ತಿ ಹಾಕುವ ಚೆಂಡು), ಎಲ್ಲ ಇವಳ ಕೈಯಲ್ಲಿದೆ. ಡಬಲ್ಸ್ ಆಡುವುದರಿಂದ ನೆಟ್ ಹತ್ತಿರ ಬರಲು ಹೆದರುವುದಿಲ್ಲ. ಡಯಾನಾ ಶ್ನೈಡರ್ ಜೊತೆ 2024ರ ಪ್ಯಾರಿಸ್ ಒಲಿಂಪಿಕ್ಸ್ ಬೆಳ್ಳಿ, 2025ರಲ್ಲಿ ಮಯಾಮಿ ಡಬಲ್ಸ್ ಪ್ರಶಸ್ತಿ ಬಂದಿವೆ.

ಇನ್ನು 2025ರ ಆರಂಭ. ಜನವರಿಯಲ್ಲಿ ಸಬಲೆಂಕಾ ಅವಳನ್ನು ಎರಡು ಸಲ ಸೋಲಿಸಿದಳು. ಆಸ್ಟ್ರೇಲಿಯನ್ ಓಪನ್‌ನಲ್ಲಿ 6-1, 6-2. ನೋಡಲು ಬೇಜಾರಾಗುವಂಥ ಸೋಲು. ಮುಂದಿನ ತಿಂಗಳೇ ದುಬೈನಲ್ಲಿ ಇಗಾ ಶ್ವಾಂಟೆಕ್, ಎಲೆನಾ ರಿಬಾಕಿನಾ ಇಬ್ಬರನ್ನೂ ದಾಟಿ ಪ್ರಶಸ್ತಿ ಗೆದ್ದಳು. ಮಹಿಳಾ ಟೆನಿಸ್ ಸಂಘಟನೆ ಡಬ್ಲ್ಯುಟಿಎ 2009ರಲ್ಲಿ ಶುರು ಮಾಡಿದ, ಗ್ರ್ಯಾಂಡ್‌ಸ್ಲಾಮ್‌ಗಿಂತ ಒಂದು ಹಂತ ಕೆಳಗಿನ ಡಬ್ಲ್ಯುಟಿಎ 1000 ಟೂರ್ನಿಗಳಲ್ಲಿ ಅವಳಿಗಿಂತ ಚಿಕ್ಕ ವಯಸ್ಸಿನಲ್ಲಿ ಯಾರೂ ಗೆದ್ದಿರಲಿಲ್ಲ. ಮಾರ್ಚ್‌ನಲ್ಲಿ ಇಂಡಿಯನ್ ವೆಲ್ಸ್. ಸೆಮಿಫೈನಲ್‌ನಲ್ಲಿ ಮತ್ತೆ ಶ್ವಾಂಟೆಕ್, ಫೈನಲ್‌ನಲ್ಲಿ ಅದೇ ಸಬಲೆಂಕಾ. 2-6, 6-4, 6-3ರಿಂದ ಗೆದ್ದಳು. ಅಲ್ಲಿನ ಕೋರ್ಟ್ ನಿಧಾನ, ಚೆಂಡು ಮೇಲಕ್ಕೆ ಏಳುತ್ತದೆ. ಸಬಲೆಂಕಾಳ ಹೊಡೆತ ಹಿಡಿಯಲು ಇವಳಿಗೆ ಕಣ್ಣು ಮಿಟುಕಿಸುವಷ್ಟು ಸಮಯ ಜಾಸ್ತಿ ಸಿಕ್ಕಿತು. ಅಷ್ಟೇ ಸಾಕಾಯಿತು.

ಅಂದರೆ ಜೋರಾಗಿ ಹೊಡೆಯುವವರ ಎದುರು ಅವಳು ಗೆಲ್ಲುತ್ತಾಳೆ. ಹಾಗಾದರೆ ಎಲ್ಲಿ ಸೋಲುತ್ತಾಳೆ?

2025ರ ಫ್ರೆಂಚ್ ಓಪನ್ ಕ್ವಾರ್ಟರ್‌ಫೈನಲ್ ನೋಡಿ. ಎದುರಿಗೆ 361ನೇ ರ್‍ಯಾಂಕ್‌ನ ಫ್ರಾನ್ಸ್‌ನ ಲೋಯಿಸ್ ಬೋಯ್ಸನ್, ವೈಲ್ಡ್‌ಕಾರ್ಡ್ ಆಟಗಾರ್ತಿ, ತವರಿನ ಪ್ರೇಕ್ಷಕರು ಪೂರ್ತಿ ಅವಳ ಕಡೆ. ಆ್ಯಂಡ್ರೀವಾ 6-7, 3-6ರಿಂದ ಸೋತಳು. ಎರಡನೇ ಸೆಟ್‌ನಲ್ಲಿ 3-0 ಮುಂದಿದ್ದು ಸತತ ಆರು ಗೇಮ್ ಬಿಟ್ಟಳು. ಚೆಂಡನ್ನು ಗ್ಯಾಲರಿಗೆ ಹೊಡೆದು ಎಚ್ಚರಿಕೆ ಪಡೆದಳು. ಮೊದಲ ಸಲ ನೋಡಿದಾಗ ನಾನೂ ಸಿಟ್ಟು ಕೆಡಿಸಿತು ಅಂದುಕೊಂಡೆ. ಮನಸ್ಸು ಒಪ್ಪಲಿಲ್ಲ. ಕೆಲವು ದಿನ ಬಿಟ್ಟು ಅದೇ ಪಂದ್ಯವನ್ನು ಧ್ವನಿ ಪೂರ್ತಿ ತೆಗೆದು, ಆ್ಯಂಡ್ರೀವಾ ಒಬ್ಬಳನ್ನೇ ನೋಡಿದೆ. ಆಗ ಬೇರೆಯೇ ಕಾಣಿಸಿತು.

ಬೋಯ್ಸನ್ ಫೋರ್‌ಹ್ಯಾಂಡ್‌ನಲ್ಲಿ ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ಸುತ್ತುವಂತೆ ಹೊಡೆಯುವುದು) ಜಾಸ್ತಿ. ಮಣ್ಣಿನ ಕೋರ್ಟ್‌ನಲ್ಲಿ ಚೆಂಡು ಭುಜದ ಎತ್ತರಕ್ಕೆ ಬರುತ್ತದೆ. ಮಧ್ಯೆ ಮಧ್ಯೆ ಡ್ರಾಪ್ ಶಾಟ್. ಆ್ಯಂಡ್ರೀವಾ ಕೋರ್ಟ್‌ನ ಹಿಂದಿನ ಗೆರೆಯಾದ ಬೇಸ್‌ಲೈನ್‌ನಿಂದ ಹಿಂದಕ್ಕೆ ಹಿಂದಕ್ಕೆ ಹೋದಳು. ಅವಳಿಗೆ ಬೇಕಾದ ನೇರವಾದ, ವೇಗದ ಚೆಂಡು ಬರಲೇ ಇಲ್ಲ. ಸಬಲೆಂಕಾ ಎದುರು ವೇಗ ಸಾಲ ಸಿಗುತ್ತದೆ. ಇಲ್ಲಿ ಆ ವೇಗವನ್ನು ತಾನೇ ಹುಟ್ಟಿಸಬೇಕು, ಕಾಲಿನಿಂದ, ಸೊಂಟದಿಂದ, ತೋಳಿನಿಂದ. ಬ್ಯಾಕ್‌ಹ್ಯಾಂಡ್‌ನಲ್ಲಿ ಅದು ಹೇಗೋ ಆಗುತ್ತದೆ. ಫೋರ್‌ಹ್ಯಾಂಡ್‌ನಲ್ಲಿ ಆಗುವುದಿಲ್ಲ. ಒತ್ತಡ ಬಂದಾಗ ತೋಳು ಬಿಗಿಯಾಗುತ್ತದೆ, ಬೀಸು ಮೊಟಕಾಗುತ್ತದೆ, ಚೆಂಡು ನೆಟ್‌ನಿಂದ ಬಹಳ ಮೇಲೆ ಹೋಗಿ ಕೋರ್ಟ್ ಮಧ್ಯಕ್ಕೆ ಬೀಳುತ್ತದೆ. ಎದುರಿನವಳು ಕಾಯುತ್ತಿರುವುದೇ ಅದಕ್ಕೆ.

ಸಿಟ್ಟು ಬಂದದ್ದು ಇದರ ನಂತರ. ಏನು ಮಾಡಬೇಕು ಅಂತ ಅವಳಿಗೆ ಗೊತ್ತು, ಜಾಗ ಕಾಣುತ್ತಿದೆ, ಕೈ ಕೇಳುತ್ತಿಲ್ಲ. ಆ ಸಂಕಟ ಅವಳ ಮುಖದಲ್ಲಿ ಚೆನ್ನಾಗಿ ಕಾಣುತ್ತಿತ್ತು.

ಆಗಸ್ಟ್‌ನಲ್ಲಿ ಯುಎಸ್ ಓಪನ್ ಮೂರನೇ ಸುತ್ತಿನಲ್ಲಿ ಟೇಲರ್ ಟೌನ್ಸೆಂಡ್ ಎದುರು 5-7, 2-6ರಿಂದ ಸೋತದ್ದೂ ಹೆಚ್ಚುಕಡಿಮೆ ಅದೇ ಕಥೆ. ಟೌನ್ಸೆಂಡ್ ಎಡಗೈಯವಳು, ಸ್ಲೈಸ್ ಹಾಕಿ ನೆಟ್‌ಗೆ ನುಗ್ಗುವವಳು. ಒಂದೇ ಥರದ ಚೆಂಡು ಎರಡು ಸಲ ಕೊಡುವುದಿಲ್ಲ. ವಿಂಬಲ್ಡನ್‌ನಲ್ಲಿ ಬೆಲಿಂಡಾ ಬೆನ್ಸಿಚ್ ಎದುರು ಸೋತದ್ದನ್ನು ಮಾತ್ರ ನಾನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ಎರಡೂ ಸೆಟ್ ಟೈಬ್ರೇಕ್, ಬೆನ್ಸಿಚ್ ಬಹಳ ಚೆನ್ನಾಗಿ ಆಡಿದಳು, ಅಷ್ಟೇ.

ಎರಡನೇ ಸರ್ವ್ (ಮೊದಲನೆಯದು ತಪ್ಪಿದಾಗ ಹಾಕುವುದು) ಕೂಡ ಹೇಳಲೇಬೇಕು. ಮೊದಲ ಸರ್ವ್ 2024ಕ್ಕಿಂತ 2025ರಲ್ಲಿ ಎಷ್ಟೋ ವಾಸಿ. ಎರಡನೆಯದು ಇನ್ನೂ ಮೆತ್ತಗೆ ಬೀಳುತ್ತದೆ. ಒಳ್ಳೆಯ ರಿಟರ್ನ್ ಇರುವವರು ಎರಡು ಹೆಜ್ಜೆ ಮುಂದೆ ಬಂದು ಹೊಡೆಯುತ್ತಾರೆ. ಇದು ಅಭ್ಯಾಸದಿಂದ ಸರಿಹೋಗುವ ವಿಷಯ, ನನಗೆ ಅಷ್ಟು ಚಿಂತೆ ಇಲ್ಲ.

ಸಿಟ್ಟಿನ ಬಗ್ಗೆ ನೀವು ಕೇಳಿದ್ದರಿಂದ ಇನ್ನೂ ಸ್ವಲ್ಪ ಹೇಳುತ್ತೇನೆ. 2023ರ ವಿಂಬಲ್ಡನ್‌ನಲ್ಲಿ ಮ್ಯಾಡಿಸನ್ ಕೀಸ್ ಎದುರು ರಾಕೆಟ್ ಎಸೆದಳು ಅಂತ ಅಂಪೈರ್ ಒಂದು ಪಾಯಿಂಟ್ ಕಿತ್ತುಕೊಂಡರು. ಜಾರಿದೆ, ಎಸೆಯಲಿಲ್ಲ ಅಂತ ಅವಳು ವಾದಿಸಿದಳು. ಅಂದಿನಿಂದ ಸಿಟ್ಟಿನ ಹುಡುಗಿ ಅನ್ನುವ ಹೆಸರು ಅಂಟಿಕೊಂಡಿದೆ. ಆದರೆ 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಡಯೇನ್ ಪ್ಯಾರಿ ಎದುರು ಕೊನೆಯ ಸೆಟ್‌ನಲ್ಲಿ 1-5 ಹಿಂದಿದ್ದು ಗೆದ್ದವಳೂ ಇವಳೇ ಅಲ್ವಾ? 2025ರ ವಿಂಬಲ್ಡನ್‌ನಲ್ಲಿ ಎಮ್ಮಾ ನವಾರೊ ಎದುರು ಎಷ್ಟು ಮುಳುಗಿ ಆಡುತ್ತಿದ್ದಳೆಂದರೆ, ಕೊನೆಯ ಪಾಯಿಂಟ್ ಗೆದ್ದಾಗ ಪಂದ್ಯ ಮುಗಿದಿದ್ದೇ ಅವಳಿಗೆ ಗೊತ್ತಾಗಲಿಲ್ಲ. ತಲೆ ಕೆಟ್ಟವರು ಹೀಗೆ ಆಡಲು ಆಗುವುದಿಲ್ಲ. ಅವಳ ಸಿಟ್ಟು ಆಟ ಕೈ ತಪ್ಪಿದಾಗ ಬರುತ್ತದೆ. ಅದಕ್ಕೇ ಮೊದಲು ಆಟ ಸರಿಮಾಡಬೇಕು ಅನ್ನುವುದು ನನ್ನ ಮಾತು.

ಇನ್ನೊಂದು ವಿಷಯವನ್ನು ಜನ ಮರೆಯುತ್ತಾರೆ. 18 ತುಂಬುವವರೆಗೆ ವರ್ಷಕ್ಕೆ ಎಷ್ಟು ಟೂರ್ನಿ ಆಡಬಹುದು ಅಂತ ಡಬ್ಲ್ಯುಟಿಎ ಮಿತಿ ಹಾಕುತ್ತದೆ. ಇವಳಿಗೆ 18 ಆಗಿದ್ದು 2025ರ ಏಪ್ರಿಲ್ ಕೊನೆಗೆ. ವಾರ ವಾರ ಬೇರೆ ಬೇರೆ ಥರದ ಎದುರಾಳಿಗಳನ್ನು ಎದುರಿಸುವ ಅನುಭವ ಅವಳಿಗೆ ಆಮೇಲಷ್ಟೇ ಸಿಗಲು ಶುರುವಾಯಿತು. ಸ್ಲೈಸ್ ಹಾಕುವವರು, ಎತ್ತರಕ್ಕೆ ಎತ್ತುವವರು, ಲಯ ಕೆಡಿಸುವವರು ಟೂರ್‌ನಲ್ಲಿ ತುಂಬಾ ಜನ ಇದ್ದಾರೆ. ಅವರ ಎದುರು ಸೋತು ಸೋತೇ ಕಲಿಯಬೇಕು.

ಮುಂದಿನ ಸಲ ಅವಳ ಪಂದ್ಯ ನೋಡುವಾಗ ಗೇಮ್ ಸಮಸಮ ಆಗಿ ಸ್ಕೋರ್ 30-30 ಆಗುವವರೆಗೆ ಕಾಯಿರಿ. ನಿಧಾನದ ಚೆಂಡು ಫೋರ್‌ಹ್ಯಾಂಡ್ ಕಡೆ, ಸ್ವಲ್ಪ ಶಾರ್ಟ್ ಆಗಿ ಬೀಳಲಿ. ಆಗ ಅವಳ ಕಾಲು ನೋಡಿ. ಮುಂದೆ ಬಂದು ತೋಳು ಪೂರ್ತಿ ಬೀಸಿದರೆ, ಚೆಂಡು ಹೊರಗೆ ಹೋದರೂ ಪರವಾಗಿಲ್ಲ, ನನಗೆ ಖುಷಿ. ಅಲ್ಲೇ ನಿಂತು ಸುಮ್ನೆ ಎತ್ತಿ ಆಚೆ ಹಾಕಿದರೆ, ಆ ದಿನ ಪಂದ್ಯ ಮೂರನೇ ಸೆಟ್‌ಗೆ ಹೋಗುತ್ತದೆ ಅಂದುಕೊಂಡೇ ಕೂರುತ್ತೇನೆ. ಮೊದಲ ಗ್ರ್ಯಾಂಡ್‌ಸ್ಲಾಮ್ ಎಲ್ಲಿ ಅಂತ ಕೇಳಿದರೆ, ನಾನು ಪ್ಯಾರಿಸ್, ಅಂದರೆ ಫ್ರೆಂಚ್ ಓಪನ್, ಅನ್ನುತ್ತೇನೆ. ಎರಡು ವರ್ಷ ಸತತವಾಗಿ ಕ್ವಾರ್ಟರ್‌ಫೈನಲ್ ತಲುಪಿದ್ದು ಅಲ್ಲೇ, ಅವಳ ಕಾಲಿಗೆ ಆ ಮಣ್ಣು ಚೆನ್ನಾಗಿ ಹೊಂದುತ್ತದೆ.