ಎರಡು ಸೀಟು, ಒಂದು ಸೈಟು

ಕಿರಣ ಮಂಡ್ಯ ಕಡೆಯ ಹುಡುಗ (ಹೆಸರು, ಕೆಲವು ವಿವರ ಬದಲಿಸಿದ್ದೇನೆ). ಸಿವಿಲ್ ಬಿ.ಇ. ಮುಗಿಸಿ ಸೈಟ್ ಇಂಜಿನಿಯರ್ ಆಗಿದ್ದ. ಕೈಯಲ್ಲಿ ಎರಡು ಸೀಟು: ಗೇಟ್ (ಎಂ.ಟೆಕ್. ಸೇರಲು ಬರೆಯುವ ರಾಷ್ಟ್ರಮಟ್ಟದ ಪರೀಕ್ಷೆ) ಅಂಕದ ಮೇಲೆ ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಸ್ಟ್ರಕ್ಚರಲ್ (ಕಟ್ಟಡ, ಸೇತುವೆಗಳ ಡಿಸೈನ್) ಎಂ.ಟೆಕ್., ಇಲ್ಲವೇ ಇಂಗ್ಲೆಂಡಿನಲ್ಲಿ ಒಂದು ವರ್ಷದ ಎಂ.ಎಸ್ಸಿ. ಯಾವುದನ್ನು ಆರಿಸಲಿ ಅಂತ ಸಲಹೆ ಕೇಳಲು ಅಪ್ಪನ ಜೊತೆ ಮೈಸೂರಿಗೆ ನನ್ನ ಹತ್ತಿರ ಬಂದಾಗ ಇಂಗ್ಲೆಂಡಿಗೆ ಮುಂಗಡ ಕಟ್ಟುವ ಗಡುವು ಹತ್ತಿರ ಬಂದಿತ್ತು. ಏಜೆಂಟ್ ದಿನಾ ಫೋನ್ ಮಾಡುತ್ತಿದ್ದನಂತೆ. ಇಂಥ ಏಜೆಂಟರಿಗೆ ಸಾಮಾನ್ಯವಾಗಿ ವಿಶ್ವವಿದ್ಯಾಲಯದಿಂದಲೇ ಕಮಿಷನ್ ಬರುತ್ತದೆ. ಅದನ್ನು ಮೊದಲೇ ಹೇಳಿಬಿಟ್ಟೆ.

"ಎರಡೆಕ್ರೆ ಗದ್ದೆ ಐತೆ ಮೇಡಂ, ಅಡ ಇಟ್ರಾಯ್ತು ಬುಡಿ" ಅಂದರು ಅಪ್ಪ. ಬ್ಯಾಂಕಿನವರು ಗದ್ದೆ ಬೇಡ ಅಂದಿದ್ದರು. ಅದಕ್ಕೆ ಕಾರಣವಿದೆ. ಸಾಲ ತೀರದಿದ್ದರೆ ಅಡವಿಟ್ಟ ಆಸ್ತಿಯನ್ನು ಬ್ಯಾಂಕೇ ವಶಪಡಿಸಿಕೊಳ್ಳಲು ಬಿಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಉಳಿದದ್ದು ಮಂಡ್ಯದಲ್ಲಿ ಮಗಳಿಗೆ ಅಂತ ತೆಗೆದಿಟ್ಟಿದ್ದ ಸೈಟು.

ಹಾಳೆ ತೆಗೆದು ಲೆಕ್ಕ ಹಾಕಿದೆವು. ಸಾಲ 30 ಲಕ್ಷ, ಬಡ್ಡಿ ಶೇ. 10.5 ಅಂದುಕೊಂಡೆವು. ಓದುವ ವರ್ಷ, ಅದರ ಮುಂದಿನ ವರ್ಷ ಕಂತು ಇಲ್ಲ. ಆದರೆ ಬಡ್ಡಿ ಸುಮ್ನೆ ಕೂರುವುದಿಲ್ಲ ಅಲ್ವಾ? ಕಂತು ಶುರುವಾಗುವ ಹೊತ್ತಿಗೆ ಸರಳ ಬಡ್ಡಿ ಸೇರಿ ಸಾಲ 36.3 ಲಕ್ಷ. ಹತ್ತು ವರ್ಷದಲ್ಲಿ ತೀರಿಸಬೇಕೆಂದರೆ ತಿಂಗಳಿಗೆ ಸುಮಾರು 49 ಸಾವಿರ. ಅಪ್ಪ ಹಾಳೆ ಹತ್ತಿರ ಹಿಡಿದು, "ಇದ್ರಲ್ಲಿ ಸೊನ್ನೆ ಜಾಸ್ತಿ ಬಿದ್ದಿಲ್ಲ ತಾನೆ?" ಅಂದರು. ಕಬ್ಬಿನ ದುಡ್ಡು ಬರುವುದು ವರ್ಷಕ್ಕೊಂದು ಸಲ, ಅದೂ ಕಾರ್ಖಾನೆಯವರು ಕೊಟ್ಟಾಗ. ಕಂತು ಮಾತ್ರ ತಿಂಗಳು ತಿಂಗಳೂ.

ಆಮೇಲೆ ಅಪ್ಪನನ್ನು ಕಾಫಿಗೆ ಕಳಿಸಿ ಹುಡುಗನೊಬ್ಬನನ್ನೇ ಕೂರಿಸಿಕೊಂಡೆ.

"ಫಾರಿನ್ ಅನ್ನೋದನ್ನ ಪಕ್ಕಕ್ಕಿಡು. ಮೂವತ್ತರ ವಯಸ್ಸಲ್ಲಿ ಏನು ಕೆಲಸ ಮಾಡ್ತಿರಬೇಕು?"

"ಸೇತುವೆ ಡಿಸೈನ್ ಮೇಡಂ. ಮುಂದೆ ಯಾವತ್ತಾದ್ರೂ ಕಾಲೇಜಲ್ಲಿ ಪಾಠ ಮಾಡ್ಬೇಕು."

"ಎಲ್ಲಿ?"

"ಬೆಂಗಳೂರೋ ಮೈಸೂರೋ. ಅಪ್ಪನ್ನ ಬಿಟ್ಟು ದೂರ ಇರಕ್ಕಾಗಲ್ಲ."

ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಇಲ್ಲಿ ಸೇತುವೆಗಳ ಡಿಸೈನ್ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಕೋಡ್‌ಗಳ ಪ್ರಕಾರ ನಡೆಯುತ್ತದೆ, ಅಲ್ಲಿ ಯುರೋಪಿನ ಡಿಸೈನ್ ನಿಯಮಗಳಾದ ಯೂರೋಕೋಡ್. ಕಲಿತದ್ದು ದಂಡ ಆಗಲ್ಲ, ಆದರೆ ಬಂದಮೇಲೆ ಮತ್ತೆ ಕಲಿಯುವುದು ಇದ್ದೇ ಇರುತ್ತದೆ. ಪಾಠ ಮಾಡುವ ಆಸೆಗೆ ಇನ್ನೊಂದು ತೊಡಕು. 2022ರಲ್ಲಿ ಭಾರತ, ಬ್ರಿಟನ್ ಪರಸ್ಪರ ಪದವಿಗಳನ್ನು ಒಪ್ಪಿಕೊಂಡಾಗ ಇಂಜಿನಿಯರಿಂಗ್‌ನಂಥ ವೃತ್ತಿಪರ ಪದವಿಗಳನ್ನು ಹೊರಗಿಟ್ಟವು. ಹಾಗಾಗಿ ಅಲ್ಲಿನ ಎಂ.ಎಸ್ಸಿ.ಗೆ ಆ ಒಪ್ಪಂದದಿಂದ ಇಲ್ಲಿ ಮಾನ್ಯತೆ ಸಿಗುವುದಿಲ್ಲ.

ಸುರತ್ಕಲ್ ಲೆಕ್ಕ ಚಿಕ್ಕದು. ಗೇಟ್ ಮೂಲಕ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್, 24 ತಿಂಗಳಿಗೆ 2,97,600. ಫೀಸು, ಮೆಸ್ಸಿನ ಬಹುಪಾಲು ಅದರಲ್ಲೇ ಕಳೆಯುತ್ತದೆ. ಸೈಟು ಮುಟ್ಟಬೇಕಿಲ್ಲ.

ಇಂಗ್ಲೆಂಡಿನಲ್ಲೇ ನೆಲೆಸಬೇಕು ಅನ್ನುವ ಹುಡುಗನಾಗಿದ್ದರೆ ನನ್ನ ಸಲಹೆ ಬೇರೆ ಇರುತ್ತಿತ್ತು. ಆಗಲೂ ಒಂದು ವಿಷಯ ಗಮನದಲ್ಲಿರಬೇಕು: ಓದು ಮುಗಿದ ಮೇಲೆ ಅಲ್ಲಿ ಉಳಿದು ಕೆಲಸ ಹುಡುಕುವ ವೀಸಾ, 2027ರ ಜನವರಿ 1ರಿಂದ ಅರ್ಜಿ ಹಾಕುವ ಮಾಸ್ಟರ್ಸ್ ವಿದ್ಯಾರ್ಥಿಗಳಿಗೆ ಎರಡು ವರ್ಷದ ಬದಲು 18 ತಿಂಗಳು ಮಾತ್ರ.

ಹುಡುಗನಿಗೆ ಹೇಳಿದ್ದು ಇಷ್ಟು: ಮುಂಗಡ ಕಟ್ಟಬೇಡ. ಸೀಟನ್ನು ಮುಂದಿನ ವರ್ಷಕ್ಕೆ ಇಟ್ಟುಕೊಡುತ್ತಾರಾ ಎಂದು ಏಜೆಂಟನನ್ನು ಬಿಟ್ಟು ವಿಶ್ವವಿದ್ಯಾಲಯಕ್ಕೇ ಬರಿ. ಸುರತ್ಕಲ್‌ನ ಸೀನಿಯರ್‌ಗಳಿಗೆ ಫೋನ್ ಮಾಡು. ಪ್ಲೇಸ್‌ಮೆಂಟ್ ಎಷ್ಟು ಅಂತ ಕೇಳಬೇಡ, ಸ್ಟ್ರಕ್ಚರಲ್ ಕೆಲಸಕ್ಕೇ ಎಷ್ಟು ಜನ ಹೋದರು ಅಂತ ಕೇಳು. ಸಿವಿಲ್ ಓದಿ ಸಾಫ್ಟ್‌ವೇರ್‌ಗೆ ಹೋದವರೂ ಆ ಲೆಕ್ಕದಲ್ಲೇ ಸೇರಿರುತ್ತಾರೆ.

ಅಪ್ಪನ ಕಷ್ಟ ಬೇರೆಯೇ ಇತ್ತು. ಮಗ ಲಂಡನ್ನಿಗೆ ಹೋಗ್ತಾನೆ ಅಂತ ಊರಿಗೆಲ್ಲ ಹೇಳಿಬಿಟ್ಟಿದ್ದರು. "ಸರ್ಕಾರವೇ ದುಡ್ಡು ಕೊಟ್ಟು ಓದಿಸ್ತಿದೆ ಅಂತ ಹೇಳಿ" ಅಂದೆ. ಮುಖ ಸ್ವಲ್ಪ ಅರಳಿತು, ಪೂರ್ತಿ ಒಪ್ಪಲಿಲ್ಲ.

ಸೀನಿಯರ್‌ಗಳ ಜೊತೆ ಮಾತಾಡಿದ ಮೇಲೆ ಕಿರಣ ಸುರತ್ಕಲ್ ಸೇರಿದ. ಇಂಗ್ಲೆಂಡಿನವರು ಸೀಟನ್ನು ಒಂದು ವರ್ಷ ಇಟ್ಟುಕೊಳ್ಳಲು ಒಪ್ಪಿದ್ದಾರೆ. ಅದನ್ನು ಏನು ಮಾಡಲಿ ಅಂತ ಕೇಳಿದ್ದಾನೆ. ಮೊದಲ ಸೆಮಿಸ್ಟರ್ ಮುಗಿಯಲಿ, ಆಮೇಲೆ ಬಾ ಅಂದಿದ್ದೇನೆ.