ಸೈಕಲ್‌ಗೆ ಬೈಕ್ ಗುದ್ದಿ ಮೂರು ವಾರ ಆಯ್ತು. ಎಕ್ಸ್‌ರೇ ನಾರ್ಮಲ್, ಆದರೂ ಹೆಬ್ಬೆರಳ ಬುಡ ನೋಯುತ್ತಿದೆ. ಮತ್ತೆ ಸೈಕಲ್ ಯಾವಾಗ ಹತ್ತಬಹುದು?

‘ಎಕ್ಸ್‌ರೇ ನಾರ್ಮಲ್’ ಅನ್ನುವ ಎರಡು ಪದ ನಂಬಿ ನಾನು ಏಳು ತಿಂಗಳು ಕಳೆದವನು.

ನಾನೂ ಸೈಕಲ್ ಮೇಲಿದ್ದೆ. ಅಡ್ಡರಸ್ತೆಯಿಂದ ನುಗ್ಗಿದ ಬೈಕು ಹಿಂದಿನ ಚಕ್ರಕ್ಕೆ ಬಡಿಯಿತು. ಬೀಳುವಾಗ ಎಲ್ಲರ ಹಾಗೆ ನಾನೂ ಬಲಗೈ ಚಾಚಿ ಅಂಗೈ ಊರಿದೆ. ಮೊಣಕಾಲು ಕಿತ್ತುಹೋಗಿ ರಕ್ತ ಸುರಿಯುತ್ತಿತ್ತು. ನನ್ನ ಗಮನ, ವೈದ್ಯರ ಗಮನ, ಮನೆಯವರ ಗಮನ ಎಲ್ಲ ಅಲ್ಲೇ. ಕೈಯಲ್ಲಿ ಗಾಯವಿಲ್ಲ, ಊತ ಅಷ್ಟಕ್ಕಷ್ಟೆ. ಎಕ್ಸ್‌ರೇ ನೋಡಿ, ಮುರಿದಿಲ್ಲ, ಉಳುಕಿದೆ ಅಂತ ಕ್ರೇಪ್ ಬ್ಯಾಂಡೇಜ್ ಸುತ್ತಿದರು. ‘ನೋವು ಉಳಿದರೆ ಹತ್ತು ದಿನ ಬಿಟ್ಟು ಬನ್ನಿ’ ಅಂತಲೂ ಹೇಳಿದರು.

ನಾನು ಹೋಗಲಿಲ್ಲ.

ಯಾಕೆ ಹೋಗಲಿಲ್ಲ ಅಂತ ಬಿಡಿಸಿ ಹೇಳಬೇಕು, ಏಕೆಂದರೆ ನೀವೂ ಈಗ ಅದೇ ಜಾಗದಲ್ಲಿ ನಿಂತಿದ್ದೀರಿ. ಹತ್ತನೇ ದಿನಕ್ಕೆ ನೋವು ಅರ್ಧಕ್ಕೆ ಇಳಿದಿತ್ತು. ಬರೆಯಲು ಬರುತ್ತಿತ್ತು, ಲೋಟ ಹಿಡಿಯಲು ಬರುತ್ತಿತ್ತು. ಬಾಗಿಲು ತಳ್ಳುವಾಗ, ಬಿಗಿ ಮುಚ್ಚಳ ತಿರುಗಿಸುವಾಗ ಮಾತ್ರ ಚುಳುಕ್ ಅನ್ನುತ್ತಿತ್ತು. ಇಷ್ಟಕ್ಕೆ ಮತ್ತೆ ಆಸ್ಪತ್ರೆಯೇ ಅನಿಸಿತು. ಆ ಹತ್ತು ದಿನದ ಲೆಕ್ಕ ಬಾಯಿಮಾತಿನ ಉಪಚಾರವಲ್ಲ ಅಂತ ನನಗೆ ಗೊತ್ತಿರಲಿಲ್ಲ. ಹೆಬ್ಬೆರಳ ಬುಡದಲ್ಲಿ ಸ್ಕ್ಯಾಫಾಯ್ಡ್ ಅನ್ನುವ, ದೋಣಿಯಾಕಾರದ ಪುಟ್ಟ ಮೂಳೆ ಇದೆ. ಅದರ ಕೂದಲೆಳೆಯ ಬಿರುಕು ಮೊದಲ ದಿನದ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. 10ರಿಂದ 14 ದಿನದಲ್ಲಿ ಬಿರುಕಿನ ಅಂಚು ಸ್ವಲ್ಪ ಕರಗಿದ ಮೇಲೆ ಗೆರೆ ಎದ್ದು ಕಾಣುತ್ತದೆ. ಮತ್ತೆ ಬನ್ನಿ ಅಂದಿದ್ದು ಅದಕ್ಕೆ. ಇನ್ನೊಂದು ವಿಷಯ: ಈ ಮೂಳೆಗೆ ರಕ್ತ ಹೆಚ್ಚಾಗಿ ಬೆರಳಿನ ಕಡೆಯಿಂದ ಹೊಕ್ಕು ತೋಳಿನ ಕಡೆಗೆ ಹಿಂದಕ್ಕೆ ಹರಿಯುತ್ತದೆ. ನಡುವೆ ಮುರಿದರೆ ತೋಳಿನ ಕಡೆಯ ಅರ್ಧಕ್ಕೆ ರಕ್ತ ಸಿಗುವುದೇ ಕಷ್ಟ. ಅಲುಗಾಡದಂತೆ ಕಟ್ಟದಿದ್ದರೆ ಅದು ಕೂಡಿಕೊಳ್ಳದೆ ಉಳಿಯಬಹುದು, ಸತ್ತೂ ಹೋಗಬಹುದು. ನೋವು ಇಳಿಯಿತಲ್ಲ ಅಂತ ನಾನು ಸಮಾಧಾನಪಟ್ಟುಕೊಂಡ ದಿನಗಳಲ್ಲಿ ಎರಡು ತುಂಡುಗಳು ಒಳಗೆ ಉಜ್ಜಿಕೊಳ್ಳುತ್ತಿದ್ದವು.

ಏಳನೇ ತಿಂಗಳು ಸ್ಕ್ಯಾನ್‌ನಲ್ಲಿ ಗೊತ್ತಾಯಿತು. ಸೊಂಟದ ಮೂಳೆಯಿಂದ ಚೂರು ತೆಗೆದು ತುಂಬಿ, ಸ್ಕ್ರೂ ಹಾಕಿದರು. ಆಮೇಲೆ ಮೂರು ತಿಂಗಳು ಪ್ಲಾಸ್ಟರ್.

ಆರು ವರ್ಷವಾಯಿತು. ಮೊಣಕಾಲಿನಲ್ಲಿ ಒಂದು ಕಲೆ ಉಳಿದಿದೆ, ಅಷ್ಟೆ. ಬಲ ಮಣಿಕಟ್ಟು ಮಾತ್ರ ಪೂರ್ತಿ ಹಿಂದಕ್ಕೆ ಮಡಚುವುದಿಲ್ಲ. ನೆಲಕ್ಕೆ ಅಂಗೈ ಊರಿ ಏಳಲಾರೆ, ಮುಷ್ಟಿ ಊರಿ ಏಳುತ್ತೇನೆ. ಕೀಲಿನ ಸವೆತ ಶುರುವಾಗಿದೆ ಅಂತ ಕಳೆದ ಸಲ ತಜ್ಞರು ಹೇಳಿದರು. ಸರಿಯಾದ ಸಮಯಕ್ಕೆ ಹೋಗಿದ್ದರೆ ಬಹುಶಃ ಪ್ಲಾಸ್ಟರ್ ಒಂದರಲ್ಲೇ ಮುಗಿಯುತ್ತಿತ್ತು.

ಹಾಗಾಗಿ ಸೈಕಲ್ ಯಾವಾಗ ಅನ್ನುವ ನಿಮ್ಮ ಪ್ರಶ್ನೆಗೆ ನಾನು ಉತ್ತರಿಸುವುದಿಲ್ಲ. ಮುರಿದಿದೆಯೋ ಇಲ್ಲವೋ ಅನ್ನುವುದೇ ಇನ್ನೂ ತೀರ್ಮಾನವಾಗಿಲ್ಲ. ಹೆಬ್ಬೆರಳನ್ನು ಅಗಲಿಸಿ ಹಿಂದಕ್ಕೆ ಎತ್ತಿ. ಬುಡದಲ್ಲಿ ಎರಡು ನರಗಳ ಹಾಗೆ ಕಾಣುವ ಸ್ನಾಯುರಜ್ಜುಗಳ ಮಧ್ಯೆ ಒಂದು ಗುಳಿ ಬೀಳುತ್ತದೆ. ಅಲ್ಲಿ ಒತ್ತಿ, ಇನ್ನೊಂದು ಕೈಯಲ್ಲೂ ಒತ್ತಿ ಹೋಲಿಸಿ. ನೋಯದಿದ್ದರೂ ಮೂಳೆ ತಜ್ಞರ ಬಳಿ ಹೋಗಿ. ನೋಯುವುದಾದರೆ ನಾಳೆಯೇ ಹೋಗಿ. ‘ಕೈ ನೋವು’ ಅನ್ನಬೇಡಿ, ‘ಹೆಬ್ಬೆರಳ ಬುಡದ ಗುಳಿಯಲ್ಲಿ ನೋವು, ಅಂಗೈ ಊರಿ ಬಿದ್ದೆ’ ಅನ್ನಿ. ಸ್ಕ್ಯಾಫಾಯ್ಡ್‌ಗೆಂದೇ ತೆಗೆಯುವ ಬೇರೆ ಕೋನದ ಎಕ್ಸ್‌ರೇ ಇದೆ, ಎಂಆರ್‌ಐ ಇದೆ; ಕೇಳಲು ಸಂಕೋಚ ಬೇಡ. ಅಲ್ಲಿಯವರೆಗೆ ಹೆಬ್ಬೆರಳೂ ಸೇರಿದ ಸ್ಪ್ಲಿಂಟ್ (ಅಲುಗಾಡದಂತೆ ಹಿಡಿಯುವ ಗಟ್ಟಿ ಪಟ್ಟಿ) ಇರಲಿ. ವ್ಯಾಯಾಮ ಮಾಡಿದರೆ ಸಡಿಲವಾಗುತ್ತೆ ಅನ್ನುವವರ ಮಾತು ದಯವಿಟ್ಟು ಕೇಳಬೇಡಿ. ಸಿಗರೇಟ್ ಸೇದುವವರಾದರೆ ನಿಲ್ಲಿಸಿ, ಅದು ಮೂಳೆ ಕೂಡುವುದನ್ನು ತಡೆಯುತ್ತದೆ.

ಈ ಮೂಳೆಗೆ ನಾಲ್ಕು ವಾರ ದಾಟಿ ಚಿಕಿತ್ಸೆ ಶುರುವಾದರೆ ಕೂಡದೆ ಹೋಗುವ ಅಪಾಯ ಏರುತ್ತದೆ. ನಿಮಗೆ ಈಗ ಮೂರು ವಾರ.